ಒಂದು ಸೆಕೆಂಡಿನ ಡಂಗುರ

ಸಿಟ್ಟು ನನಗೆ ಒಗ್ಗುವುದಿಲ್ಲ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟ್ಯಾಂಡಿನ ತನಕ ಹೋಗಿ, ವಾಪಸು ಬಂದು ಮತ್ತೆ ಜಗ್ಗಿ ನೋಡುವ ಪೈಕಿ ನಾನು. ಚಿಂತೆಯಲ್ಲೇ ದಿನ ಮುಗಿಯುವಾಗ ಸಿಟ್ಟಿಗೆ ಪುರುಸೊತ್ತೆಲ್ಲಿ? ಆದರೂ ಆ ಹೊಸ ವರ್ಷದ ದಿನ ಕುದಿದದ್ದು ಕುದಿದದ್ದೇ.

ಬೆಳಗಾಗುತ್ತಲೇ ಅಂಕೋಲೆಯಿಂದ ಹೆಂಡತಿಯ ಅಣ್ಣನ ಫೋನು. ಅವನದು ಐಸ್ ಫ್ಯಾಕ್ಟರಿ. ಅದನ್ನು ನಡೆಸುವ ಕಂಪ್ಯೂಟರು ಕೂರಿಸಿದವನು ಕಾರವಾರದ ಈ ಬಡಪಾಯಿ.

"ಭಾವಾ, ನಿನ್ನ ಪುಕ್ಕಟೆ ಸಿಸ್ಟಮ್ಮು ನಸುಕಿಗೇ ಸತ್ತು ಬಿತ್ತಲ ಮಾರಾಯ! ಐಸೆಲ್ಲ ನೀರಾಯ್ತು, ದೋಣಿಯವ್ರು ಬೈತೇ ಇದ್ರು. ಪ್ಲಗ್ಗು ಕಿತ್ತು ಮತ್ತೆ ಹಾಕಿದ್ಮೇಲೆ ಎದ್ದದೆ. ಸಂಜೆಯೊಳಗೆ ಸಮಾ ಮಾಡ್ಲಿಲ್ಲ ಅಂದ್ರೆ ಸಮುದ್ರಕ್ಕೆ ಒಗ್ದುಬಿಡ್ತೆ, ನೋಡ್!"

ಕಂಪ್ಯೂಟರಿನ ಜೊತೆ ಅತ್ತೆಮನೆಯಲ್ಲಿ ನನಗಿದ್ದ ಚೂರುಪಾರು ಮರ್ಯಾದೆಯೂ ಸಮುದ್ರ ಸೇರುವುದಿತ್ತು.

ಪುಕ್ಕಟೆ ಸಿಸ್ಟಮ್ಮಿನ ಒಂದು ಸುಖವೆಂದರೆ ಅದರ ಹೊಟ್ಟೆ ಬಗೆದು, ಒಳಗೆ ಬರೆದ ಸಾಲುಗಳನ್ನೆಲ್ಲ ನೋಡಬಹುದು, ತಿದ್ದಲೂಬಹುದು. ನೋಡಿದೆ. ಭೂಮಿ ತಿರುಗುವುದು ತುಸು ತಡವಾಗುತ್ತದೆಂದು ಲೋಕದ ಗಡಿಯಾರಕ್ಕೆ ಆಗೊಮ್ಮೆ ಈಗೊಮ್ಮೆ ಒಂದು ಸೆಕೆಂಡು ಸೇರಿಸುತ್ತಾರೆ; ಆ ನಸುಕಿನಲ್ಲಿ ಸೇರಿಸಿದ್ದರು. ನಮ್ಮ ಪಂಚಾಂಗದವರು ಇಡೀ ಅಧಿಕ ಮಾಸವನ್ನೇ ಸೇರಿಸುತ್ತಾರೆ, ಯಾರೂ ನಿಂತಲ್ಲೇ ಕಲ್ಲಾಗುವುದಿಲ್ಲ. ಇದು ಆಯಿತು. ಗಡಿಯಾರ ಮುಟ್ಟುವ ಮುಂಚೆ ಸಿಸ್ಟಮ್ಮಿನ ಯಜಮಾನನಾದ ಕರ್ನೆಲ್ ಅದಕ್ಕೊಂದು ಬೀಗ ಹಾಕುತ್ತದೆ. ಬದಲಾಗುತ್ತಿರುವ ವೇಳೆಯನ್ನು ಬೇರೆಯವರು ಅರೆಬರೆಯಾಗಿ ಓದಬಾರದಲ್ಲ. ಸರಿ. ಸೆಕೆಂಡನ್ನೂ ಸೇರಿಸಿತು. ಅದೂ ಸರಿ. ಆದರೆ ಬೀಗ ತೆಗೆಯುವ ಮುಂಚೆಯೇ "ಒಂದು ಸೆಕೆಂಡು ಸೇರಿಸಿದ್ದೇನೆ" ಎಂದು ತನ್ನ ದಿನಚರಿಯಲ್ಲಿ ಡಂಗುರ ಸಾರಲು ಹೊರಟಿತು! ಪ್ರತಿ ಡಂಗುರಕ್ಕೂ ವೇಳೆ ನಮೂದಿಸಬೇಕು. ವೇಳೆ ನೋಡಲು ಹೋದರೆ ಗಡಿಯಾರಕ್ಕೆ ಬೀಗ. ಯಾರಾದರೂ ತೆಗೆಯಲಿ ಎಂದು ಕಾಯುತ್ತ ನಿಂತಿತು. ಹಾಕಿದ್ದು ತಾನೇ! ಮಾಡಿದ್ದು ಒಂದು ಸೆಕೆಂಡಿನ ಕೆಲಸ, ಅದಕ್ಕೆ ಇಷ್ಟು ಮೆರೆದಾಟ. ಕರಗಿದ್ದು ಭಾವನ ಐಸು. ನೀವೇ ಹೇಳಿ, ಅದನ್ನು ಬರೆದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಏನು ಮಾಡಬೇಕಿತ್ತು?

ಹಲ್ಲು ಕಡಿಯುತ್ತ ಡಂಗುರದ ಸಾಲನ್ನು ಬೀಗ ತೆಗೆದಾದ ಮೇಲಕ್ಕೆ ಸರಿಸಿದೆ. ಸೀಡಿ ಮಾಡಿ ಅಂಕೋಲೆ ಬಸ್ಸಿನ ಡ್ರೈವರನ ಕೈಗೆ ಕೊಟ್ಟೆ. ಅದನ್ನು ಹಾಕಿ, ಗಡಿಯಾರ ಹಿಂದಕ್ಕೆ ತಿರುಗಿಸಿ, ಅದೇ ಗಳಿಗೆಯನ್ನು ದಾಟುತ್ತದೋ ನೋಡಿ ತಿಳಿಸು ಎಂದು ಭಾವನಿಗೆ ಫೋನು ಮಾಡಿದೆ. ತಪ್ಪಾಯಿತು. ಬಸ್ಸು ತೋಡೂರು ದಾಟಿತೇ, ಅವರ್ಸಾ ದಾಟಿತೇ ಎಂದು ಅವನದು ಫೋನಿನ ಮೇಲೆ ಫೋನು. ನಾನೇನು ಬಸ್ಸಿನ ಟಾಪಿನ ಮೇಲೆ ಕೂತಿದ್ದೆನೇ? ರೇಗಿಹೋಗಿ ರಿಸೀವರನ್ನೇ ತೆಗೆದು ಪಕ್ಕಕ್ಕಿಟ್ಟೆ.

ಆಮೇಲೆ ಕಾದೆ. ಚಹಾ ಕುಡಿದೆ, ಅಂಗಳ ಸುತ್ತಿದೆ. ಸೀಡಿ ಒಡೆದಿರಬಹುದು. ಡ್ರೈವರು ಮರೆತು ಕುಮಟೆಗೆ ಒಯ್ದಿರಬಹುದು. ಸಂಜೆಯಾದರೂ ಒಂದು ಫೋನಿಲ್ಲ! ಕೆಲಸ ಆಗುವ ತನಕ ನಿಮಿಷಕ್ಕೊಮ್ಮೆ ಜೀವ ಹಿಂಡುವುದು, ಆದ ಮೇಲೆ ಒಂದು ಮಾತಿಲ್ಲ. ಅವನ ವಂಶವೇ ಹೀಗೆ ಎಂದು ಹೆಂಡತಿಗೆ ಕೇಳುವಂತೆ ಕೂಗಿದೆ.

ಆಕೆ ಅಡುಗೆಮನೆಯಿಂದ ಬಂದು ಮೇಜಿನ ಕಡೆ ನೋಡಿದಳು. "ಹೋಯ್, ರಿಸೀವರು ತೆಗ್ದು ಪಕ್ಕಕ್ಕಿಟ್ಕಂಡು ಯಾರ ಫೋನಿಗೆ ಕಾಯ್ತ್ರಿ?"

ರಿಸೀವರನ್ನು ಅದರ ಜಾಗದಲ್ಲಿ ಇಟ್ಟದ್ದೇ ತಡ, ಫೋನು ಹೊಡೆದುಕೊಂಡಿತು.

"ಎಷ್ಟೊತ್ತಿಂದ ಮಾಡ್ತೇ ಇದ್ದೆ ಭಾವಾ, ಬರೀ ಎಂಗೇಜು! ದಾಟ್ತು ಮಾರಾಯ, ಅಲುಗಾಡ್ದೆ ದಾಟ್ತು. ಯಾರ ಸಂಗ್ಡ ಇತ್ತು ಅಷ್ಟು ಮಾತು?"

"ನನ್ನ ಸಂಗಡವೇ" ಎಂದೆ.

ಆ ಸಾಲು ಬರೆದವನ ಮೇಲಿನ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಎದುರು ಸಿಕ್ಕರೆ ಬೈಯದೇ ಬಿಡುವುದಿಲ್ಲ. ಮೊದಲು ಒಂದು ಚಹಾ ಕುಡಿಸುತ್ತೇನೆ, ಅಷ್ಟೆ.