ಟ್ರಂಕಿನ ಬೀಗದ ಇಪ್ಪತ್ತು ಓಲಾಟ

ನಿನ್ನೆ ಮಗಳು ಶಾಲೆಯ ಪ್ರಯೋಗಕ್ಕೆಂದು ಕಿಟಕಿಯ ಸರಳಿಗೆ ದಾರ ಕಟ್ಟಿ ಬೀಗವೊಂದನ್ನು ತೂಗುಬಿಟ್ಟಳು. ಅದು ಓಲಾಡತೊಡಗಿದ್ದೇ ತಡ, ನಾನು ದೆಹಲಿಯ ಆರ್.ಕೆ.ಪುರಂನ ನಮ್ಮ ಹಳೆಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆ.

ಅಮ್ಮ ಆಗ ದೂರಶಿಕ್ಷಣದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಮನೆಯ ವಸ್ತುಗಳಲ್ಲೇ ಭೌತಶಾಸ್ತ್ರದ ಪ್ರಯೋಗ ಮಾಡಿ, ಬರೆದು ಅಂಚೆಯಲ್ಲಿ ಕಳಿಸಬೇಕಿತ್ತು. ದಾರಕ್ಕೆ ಟ್ರಂಕಿನ ಬೀಗ ಕಟ್ಟಿ ಇಪ್ಪತ್ತು ಓಲಾಟ ಅವಳು ಎಣಿಸುವುದು, ಗಡಿಯಾರ ನೋಡಿ ಸೆಕೆಂಡು ನಾನು ಹೇಳುವುದು.

"ಬಂದ್ರಪ್ಪಾ, ಅಡುಗೆಮನೆ ವಿಜ್ಞಾನಿ!" ಪೇಪರಿನ ಹಿಂದಿನಿಂದ ಅಪ್ಪ ನಕ್ಕರು. ಅವರನ್ನು ಇನ್ನಷ್ಟು ನಗಿಸುವ ಆಸೆಯಾಯಿತು ನನಗೆ. ಸೆಕೆಂಡುಗಳನ್ನು ಬೇಕೆಂದೇ ತಪ್ಪಾಗಿ, ಪ್ರತಿ ಸಲವೂ ಬೇರೆ ಬೇರೆಯಾಗಿ ಹೇಳಿದೆ. ಅಪ್ಪ ಕಣ್ಣು ಹೊಡೆದರು.

ಅಮ್ಮ ಬರೆದಳು, ಅಳಿಸಿದಳು, ಹಾಳೆ ತೂತಾಗುವವರೆಗೆ ಅಳಿಸಿದಳು.

"ಅದೇ ದಾರ, ಅದೇ ಬೀಗ. ಪ್ರತಿ ಸಲ ಅಷ್ಟೇ ಸೆಕೆಂಡು ಬರ್ಬೇಕಲ್ವೇನೋ? ನಾನೇ ಎಣಿಸೋದು ತಪ್ತಿದೀನಿ. ಇನ್ನೊಂದ್ಸಲ ನೋಡು."

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಪುಸ್ತಕಗಳನ್ನೆಲ್ಲ ರದ್ದಿ ಕೊಳ್ಳುವ ಕಬಾಡಿ ಭಯ್ಯಾನ ತಕ್ಕಡಿಗೆ ಹಾಕಿದಳು. "ಚಲೋ, ಮುಗೀತು ಕಾಲೇಜು," ಎಂದರು ಅಪ್ಪ. ನಾನು ಅವರಿಗಿಂತ ಜೋರಾಗಿ ನಕ್ಕೆ.

ನಿನ್ನೆ ಮಗಳು, "ಅಜ್ಜಿ, ಆಪ್ ಗಿನೋ ನಾ, ಪಪ್ಪ ಟೈಮ್ ನೋಡ್ತಾರೆ," ಎಂದು ಅಮ್ಮನನ್ನು ಎಣಿಸಲು ಕರೆದಳು.

"ನನ್ನ ಬಿಟ್ಬಿಡು ಪುಟ್ಟಿ. ನಂಗೆ ಇಪ್ಪತ್ತರ ತನಕ ಎಣಿಸೋಕೂ ಬರಲ್ಲ," ಎಂದಳು ಅಮ್ಮ, ನಗುತ್ತಲೇ.

ಕೊನೆಗೆ ಮಗಳೇ ಎಣಿಸಿದಳು. ಸೆಕೆಂಡು ನಾನು ಹೇಳಿದೆ. ಈ ಸಲ ಸರಿಯಾಗಿಯೇ ಹೇಳಿದೆ.