ಇಸ್ತ್ರಿ ಕೈಯವಳ ಹಾಡು

ಯುದ್ಧದ ಕಾಲದಲ್ಲಿ ಸಿಪಾಯಿಗಳ ನಾಲಿಗೆಯ ಮೇಲೆ ಕುಣಿದ ಆ ಹಾಡನ್ನು ಕಟ್ಟಿದವನು ಸೈನ್ಯದ ಒಬ್ಬ ಲಾರಿ ಡ್ರೈವರ್. ಯುದ್ಧ ಮುಗಿದ ಮಾರನೆಯ ವರ್ಷ ಅವನು ಜ್ವರದಲ್ಲಿ ತೀರಿಕೊಂಡ, ಹಾಡಿನ ಹಕ್ಕು ಹೆಂಡತಿಗೆ ಬಂತು. ಅಂಗಿಗಳಿಗೆ ಕಾಜಾ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಅವಳು ಓಣಿಗೆಲ್ಲ ಕಾಜಕ್ಕ. ಈಗ ಜನ ಅವಳನ್ನು ಹಾಡಿನ ಹೆಂಡತಿ ಎಂದು ಕೊಂಡಾಡತೊಡಗಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಯಾಕೆಂದರೆ ಹಾಡಿನಲ್ಲಿರುವವಳು ಇಸ್ತ್ರಿ ಮಾಡುತ್ತಾಳೆ. ಬಿಸಿ ಬಟ್ಟೆಯ ವಾಸನೆಯ ಅವಳ ಕೈ ನೆನಪಾದರೆ ಸಿಪಾಯಿಗೆ ಬಾಂಬಿನ ಸದ್ದೂ ಕೇಳಿಸುವುದಿಲ್ಲವಂತೆ. ಗಂಡನ ಅಂಗಿಗೆ ಇಸ್ತ್ರಿ ಹಾಕುವವಳು ಹೆಂಡತಿಯಲ್ಲದೆ ಇನ್ಯಾರು ಎಂದುಕೊಂಡಿತು ಊರು. ಕಾಜಕ್ಕ ಜನ್ಮದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವಳಲ್ಲ. ಬಟ್ಟೆಯೆಲ್ಲ ಎದುರಿನ ಇಸ್ತ್ರಿ ಅಂಗಡಿಗೆ ಹೋಗುತ್ತಿತ್ತು. ಕೊಟ್ಟುಬರುವವನು ಗಂಡ, ಎರಡು ಅಂಗಿ ಕೊಟ್ಟುಬರಲು ಅವನಿಗೆ ಅರ್ಧ ದಿನ ಬೇಕು. ಆ ಅಂಗಡಿಯವಳಿಗೂ ಅವನಿಗೂ ನಡುವೆ ಏನಾದರೂ ಇತ್ತೋ ಇಲ್ಲವೋ ದೇವರೇ ಬಲ್ಲ. ಕಾಜಕ್ಕ ಯಾರನ್ನೂ ಕೇಳಲಿಲ್ಲ, ಇತ್ತೆಂದೇ ಮನಸ್ಸಿನಲ್ಲಿ ಇಟ್ಟುಕೊಂಡಳು.

ರೆಕಾರ್ಡಿನವರು, ಸಿನಿಮಾದವರು ಅನುಮತಿಗಾಗಿ ಬಾಗಿಲು ಸವೆಸಿದರು. ಎಲ್ಲರಿಗೂ ಒಂದೇ ಉತ್ತರ: "ಆಗಲ್ಲ." ಗಂಡನ ನೆನಪನ್ನು ಮಾರಲಾರದ ಸಾಧ್ವಿ ಎಂದು ಜನ ಕೈಮುಗಿದರು. ಸಾಧ್ವಿಯ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ರೇಡಿಯೋದಲ್ಲಿ ಹಾಡು ಬಂದರೆ ಎದುರಿನವಳು ಇಸ್ತ್ರಿ ನಿಲ್ಲಿಸಿ ಕಿವಿಗೊಡುತ್ತಾಳೆ, ಆ ಸುಖ ಅವಳಿಗೆ ಸಿಗಕೂಡದು. ಮನೆಗೆ ಬಂದ ಲಕ್ಷ್ಮಿಯನ್ನು ಒದ್ದು ಕಳಿಸಿ, ಕಣ್ಣು ಮಂಜಾಗುವ ತನಕ ಕಾಜಾ ಹೊಲಿದಳು. ಬರೀ ಹೊಟ್ಟೆಕಿಚ್ಚಿಗಾಗಿ ಇಷ್ಟು ದುಡಿದವರು ಕಡಿಮೆ.

ಕೊನೆಗೆ ಒಬ್ಬ ವಕೀಲ ಬಂದು ಸುದ್ದಿ ಮುಟ್ಟಿಸಿದ. ಬರೆದವನು ಸತ್ತು ಅರವತ್ತು ವರ್ಷವಾದರೆ ಹಾಡು ಎಲ್ಲರದು.

"ಹೆಂಡತಿ ಇನ್ನೂ ಬದುಕಿದೀನಲ್ಲಪ್ಪ."

"ನೀವು ನೂರು ವರ್ಷ ಬಾಳಿ ಅಜ್ಜಿ. ಹಕ್ಕು ಮಾತ್ರ ಈ ವರ್ಷದ ಕೊನೆಗೆ ಮುಗಿಯುತ್ತೆ."

ಹೊಸ ವರ್ಷ ಹುಟ್ಟಿದ್ದೇ ತಡ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಂಡಕಂಡವರ ಮೊಬೈಲಿನಲ್ಲಿ ಅದೇ ಹಾಡು. ಹಾಸಿಗೆ ಹಿಡಿದಿದ್ದ ಇಸ್ತ್ರಿಯವಳು ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹೋಗಿಬಿಟ್ಟಳು. ಮಧ್ಯಾಹ್ನ ಅವಳ ಮಗಳು ಅತ್ತು ಕೆಂಪಾದ ಕಣ್ಣಲ್ಲಿ ಕಾಜಕ್ಕನ ಮುಂದೆ ಬಂದು ನಿಂತಳು.

"ದೊಡ್ಡಮ್ಮ, ಅಮ್ಮನ್ನ ಕರಕೊಂಡು ಹೋಗೋ ಮುಂಚೆ ಆ ಹಾಡು ಒಂದ್ಸಲ ಹಾಡೋಣ ಅಂತಿದೀವಿ. ಹಾಡಬಹುದಾ?"

"ನನ್ನನ್ನೇನು ಕೇಳ್ತೀಯ? ಈಗ ಅದು ಬೀದಿ ಪಾಲಾಗಿದೆ."

"ಗೊತ್ತು. ಆದ್ರೆ ಅಮ್ಮ ಹೇಳಿಟ್ಟಿದ್ರು. ಕಾನೂನು ಏನಾದ್ರೂ ಅನ್ಲಿ, ಅದು ಕಾಜಕ್ಕನ ಮನೆ ಹಾಡು, ಅವರನ್ನ ಕೇಳದೆ ಹಾಡಬೇಡಿ ಅಂತ."

ಕಾಜಕ್ಕ ಹೂಂ ಅನ್ನಲೆಂದೇ ಬಾಯಿ ತೆರೆದಳು. "ಬೇಡ" ಎಂದಳು.

ಮಗಳು ತಲೆಯಾಡಿಸಿ ಹೊರಟುಹೋದಳು. ಕಾಜಕ್ಕ ಕಿಟಕಿಯ ಬಳಿ ಕೂತು ಕಿವಿ ನಿಮಿರಿಸಿದಳು. ಎದುರಿನಿಂದ ಅಳು ಕೇಳಿತು, ಹಾಡು ಕೇಳಲಿಲ್ಲ. ಕದ್ದು ಹಾಡಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು. ಊರಿಗೆ ಊರೇ ಕೇಳದೆ ಹಾಡುತ್ತಿರುವಾಗ ಆ ಮನೆಯೊಂದೇ ಅವಳ ಮಾತು ನಡೆಸಿಕೊಟ್ಟಿತ್ತು. ಸತ್ತವಳು ಇದರಲ್ಲೂ ತನಗಿಂತ ಒಂದು ಕೈ ಮೇಲಾದಳಲ್ಲ ಎಂದು ಕಾಜಕ್ಕನ ಮೈಯೆಲ್ಲ ಉರಿಯಿತು.