ವೆನಿಸ್‌ನಲ್ಲಿ ಕಾಣೆಯಾದ ಪಾಸ್‌ಪೋರ್ಟು

ವೆನಿಸ್‌ನಲ್ಲಿ ನನಗೆ ಮೊದಲ ದಿನದಿಂದಲೇ ಹೆದರಿಕೆ. ಬೀದಿ ಇರಬೇಕಾದಲ್ಲೆಲ್ಲ ನೀರು, ಅಂಚಿಗೊಂದು ಕಟಕಟೆಯೂ ಇಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಒಂದೇ ಕೋಣೆಯ ಮನೆಯಲ್ಲಿ ಕೂತು ಒಂಬತ್ತು ವರ್ಷ ಆಸೆಪಟ್ಟ ಊರು ಇದೇನಾ ಎಂದುಕೊಳ್ಳುತ್ತ ಗಂಡನ ತೋಳು ಬಿಡದೆ ಮೂರು ದಿನ ತಿರುಗಿದೆ. ನಿಜವಾಗಿ ಜೀವ ಬಾಯಿಗೆ ಬಂದದ್ದು ನಾಲ್ಕನೆಯ ದಿನ.

ಅವತ್ತು ಬೆಳಿಗ್ಗೆ ವಾಪಸು ಹೊರಟಾಗ ಹೋಟೆಲಿನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಕೀಲಿಯನ್ನು ಅಲ್ಲಿದ್ದ ಡಬ್ಬಿಗೆ ಹಾಕಿ ದೋಣಿಕಟ್ಟೆಗೆ ಬಂದೆವು. ವಿಮಾನಕ್ಕೆ ನಾಲ್ಕು ಗಂಟೆಯಿತ್ತು. ನನ್ನ ಪಾಸ್‌ಪೋರ್ಟನ್ನು ಬ್ಯಾಗಿನಲ್ಲಿ ಮುಟ್ಟಿ ನೋಡಿಕೊಂಡು, ನಿಮ್ಮದೆಲ್ಲಿ ಎಂದು ಕೇಳಿದೆ.

"ಆಫೀಸಿನಲ್ಲಿ ಉಂಟಲ್ಲ," ಎಂದರು.

ಹೇಳಿದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು. ದುಬೈಯ ಆಫೀಸು ಎಷ್ಟು ದೂರವೆಂದು ಆಗ ನೆನಪಾಗಿರಬೇಕು.

ಅವರ ಕಂಪನಿಯ ಪದ್ಧತಿ ಹಾಗೆ. ಕೆಲಸಗಾರರ ಪಾಸ್‌ಪೋರ್ಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ರಜೆಗೆ ಹೊರಟಾಗ ಸಹಿ ಮಾಡಿಸಿ ಕೊಡುತ್ತಾರೆ, ಬಂದ ಮರುದಿನ ವಾಪಸು ಪಡೆಯುತ್ತಾರೆ. ಇಲ್ಲಿ ಮೊದಲ ಸಂಜೆ ಹೋಟೆಲಿನ ಹೆಂಗಸು ನಮ್ಮಿಬ್ಬರ ಪಾಸ್‌ಪೋರ್ಟನ್ನೂ ನಕಲು ತೆಗೆಯಲು ಪಡೆದಿದ್ದಳು. ನನ್ನದನ್ನು ನಾನು ಕೇಳಿ ಇಸಿದುಕೊಂಡೆ. ಇವರು ಕೌಂಟರಿನಾಚೆ ಕೊಟ್ಟವರು, ಕೆಲಸ ಮುಗಿಯಿತೆಂದು ಮೆಟ್ಟಿಲು ಹತ್ತಿದ್ದರು.

ದುಬೈಯ ವೀಸಾವನ್ನೂ ಅದರೊಳಗೇ ಅಂಟಿಸಿದ್ದರು. ಅದು ಸಿಗದಿದ್ದರೆ ವಿಮಾನವಿಲ್ಲ, ಆಮೇಲೆ ಕೆಲಸ ಉಳಿಯುವುದೂ ಅನುಮಾನ. ತಿರುಗಿ ಓಡಿದೆವು. ಬಂದ ದಾರಿ ಎಂದುಕೊಂಡ ಗಲ್ಲಿ ನೇರ ನೀರಿಗೆ ಹೋಗಿ ನಿಂತಿತು. ಇನ್ನೊಂದೂ ಹಾಗೆಯೇ. ಸೇತುವೆ ಸಿಕ್ಕಿದಲ್ಲೆಲ್ಲ ಪೆಟ್ಟಿಗೆ ಹೊತ್ತು ಹತ್ತಬೇಕು, ಇಳಿಯಬೇಕು. ಬಾಯಿ ಒಣಗಿ ದೇವರ ಹೆಸರೂ ಹೊರಡಲಿಲ್ಲ. ಹೆದರಿಕೆಯ ಜತೆಗೆ ಸಿಟ್ಟು ಬೇರೆ. ಹೋಟೆಲು ಸಿಗಲಿ, ಈ ಮನುಷ್ಯನಿಗೆ ಮಂಗಳಾರತಿ ಮಾಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಕೊನೆಗೂ ಹೋಟೆಲು ಸಿಕ್ಕಿತು, ಬಾಗಿಲು ಹಾಕಿತ್ತು. ಬೆಲ್ ಒತ್ತಿ ಒತ್ತಿ ಬೆರಳು ನೋಯುವ ಹೊತ್ತಿಗೆ ಆ ಹೆಂಗಸು ಬಂದಳು. ಡ್ರಾಯರ್ ಎಳೆದು ಪಾಸ್‌ಪೋರ್ಟು ತೆಗೆದುಕೊಟ್ಟಳು. ಬೇಕಾದಾಗ ಕೇಳುತ್ತೀರಿ ಎಂದುಕೊಂಡಿದ್ದೆ ಎಂದಳು, ಅಷ್ಟೇ.

ಹೊರಗೆ ಬಂದೆವು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವರು ಅದನ್ನು ನನ್ನ ಕೈಗೆ ತುರುಕಿದರು.

"ನೀನೇ ಇಟ್ಟುಕೋ ಮಾರಾಯ್ತಿ. ನನ್ನ ಪಾಸ್‌ಪೋರ್ಟು ನಾನೇ ಇಟ್ಟುಕೊಂಡು ನಂಗೆ ಅಭ್ಯಾಸ ಇಲ್ಲ."